ಹುರಿಗಡಲೆ, ಹಾಲು, ಬಾಳೆಹಣ್ಣು: ನಮ್ಮ ಇಪ್ಪತ್ತೈದು ರೂಪಾಯಿಯ ಪ್ರೋಟೀನ್ ಶೇಕ್

ನಮ್ಮ ರೂಮಿನ ಗೆಳೆಯನೊಬ್ಬ ಮೂರನೇ ಸೆಮ್ ಶುರುವಾದಾಗ ಜಿಮ್‌ಗೆ ಸೇರಿದ. ಒಂದು ಕೆಜಿ ಪ್ರೋಟೀನ್ ಪೌಡರ್ ಡಬ್ಬಕ್ಕೆ ಮೂರು ಸಾವಿರ. ಮನೇಲಿ ಕೇಳೋಕೆ ಸಂಕೋಚ, ಅದಕ್ಕೆ ದಿನಾ ಬೆಳಗಿನ ತಿಂಡಿ ಬಿಟ್ಟು ದುಡ್ಡು ಕೂಡಿಡ್ತಿದ್ದ. ಪ್ರೋಟೀನ್‌ಗೋಸ್ಕರ ಊಟ ಬಿಡೋದು! ಲ್ಯಾಬ್‌ನಲ್ಲಿ ಅವನಿಗೆ ತಲೆ ಸುತ್ತಿ ಬಂದ ದಿನ ನಾವು ಕೂತು ಲೆಕ್ಕ ಹಾಕಿದ್ವಿ.

ನಮ್ಮ ದೇಶದ ಐಸಿಎಂಆರ್ ಹೇಳೋ ಪ್ರಕಾರ ದೊಡ್ಡವರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕೆಜಿ ಇರೋರಿಗೆ ಸುಮಾರು 50 ಗ್ರಾಂ. ಜಿಮ್ ಮಾಡೋರಿಗೆ ಇನ್ನೂ ಹೆಚ್ಚು ಬೇಕು, ನಿಜ. ಆದರೆ ಅದು ಡಬ್ಬದಿಂದಲೇ ಬರಬೇಕು ಅಂತ ಎಲ್ಲೂ ಇಲ್ಲ.

ಭಾನುವಾರ ಇದೇ ಊರಿನ ಗೆಳೆಯನ ಮನೆ ಅಡುಗೆಮನೆಗೆ ನುಗ್ಗಿದ್ವಿ, ಹಾಸ್ಟೆಲ್‌ನಲ್ಲಿ ಮಿಕ್ಸಿ ಇಡೋ ಹಾಗಿಲ್ಲವಲ್ಲ. ಒಬ್ಬರಿಗೆ 30 ಗ್ರಾಂ ಹುರಿಗಡಲೆ (ನಮ್ಮ ಹುಬ್ಬಳ್ಳಿ ಹುಡುಗ ಪುಟಾಣಿ ಅಂತಾನೇ ಹಟ ಹಿಡೀತಾನೆ), 15 ಗ್ರಾಂ ಹುರಿದ ಕಡಲೆಬೀಜ, ಕಾಯಿಸಿ ಆರಿಸಿದ 250 ಮಿಲಿ ಹಾಲು, ಒಂದು ಕಳಿತ ಬಾಳೆಹಣ್ಣು. ಹುರಿಗಡಲೆಯಿಂದ 6 ಗ್ರಾಂ, ಹಾಲಿನಿಂದ 8, ಕಡಲೆಬೀಜದಿಂದ ಮೂರೂವರೆ, ಹಣ್ಣಿಂದ 1. ಒಟ್ಟು ಹತ್ತಿರ ಹತ್ತಿರ 18 ಗ್ರಾಂ. ಖರ್ಚು ನಮ್ಮ ಬೀದಿ ಅಂಗಡಿ ರೇಟಿನಲ್ಲಿ ಇಪ್ಪತ್ತೈದು ರೂಪಾಯಿ. ಡಬ್ಬದ ಒಂದು ಸ್ಕೂಪ್‌ಗೆ ನೂರು ಬೀಳುತ್ತೆ, ಅದರಲ್ಲಿ 24 ಗ್ರಾಂ ಇರುತ್ತೆ. ಬೇಳೆಕಾಳಿನ ಪ್ರೋಟೀನ್‌ನಲ್ಲಿ ಮೆಥಿಯೋನಿನ್ ಅನ್ನೋ ಅಮೈನೋ ಆಮ್ಲ ಕಡಿಮೆ, ಹಾಲು ಆ ಕೊರತೆ ತುಂಬುತ್ತೆ. ಅದಕ್ಕೇ ನೀರಿನ ಬದಲು ಹಾಲು.

ಮೊದಲು ಕಾಳುಗಳನ್ನ ಒಣ ಜಾರಿನಲ್ಲಿ ನುಣ್ಣಗೆ ಪುಡಿ ಮಾಡ್ಕೊಳ್ಳಿ. ಎಲ್ಲಾ ಒಟ್ಟಿಗೆ ಹಾಕಿ ತಿರುಗಿಸಿದ್ರೆ ತರಿತರಿ ಉಳಿದು ಗಂಟಲಲ್ಲಿ ಸಿಕ್ಕೊಳ್ಳುತ್ತೆ. ಕಡಲೆಬೀಜ ಇದೆ ಅಂತ ಜಾಸ್ತಿ ಹೊತ್ತು ತಿರುಗಿಸಬೇಡಿ, ಎಣ್ಣೆ ಬಿಟ್ಟು ಮುದ್ದೆಯಾಗುತ್ತೆ. ಆಮೇಲೆ ಹಣ್ಣು, ಹಾಲು, ಒಂದು ಏಲಕ್ಕಿ, ಚಿಟಿಕೆ ಉಪ್ಪು. ಸಕ್ಕರೆ ಬೇಡ. ಬಾಳೆಹಣ್ಣಿನ ಬದಲು ಸಪೋಟ ಹಾಕಿದ್ರೆ ಇನ್ನೂ ಚೆಂದ.

ಎರಡನೇ ವಾರ ಜಾಣತನ ತೋರಿಸೋಕೆ ಹೋಗಿ ಅನಾನಸ್ ಹಾಕಿದ್ವಿ. ಅರ್ಧ ಗಂಟೆ ಬಿಟ್ಟು ಕುಡಿದ್ರೆ ಕಹಿ, ಕಹಿ ಅಂದ್ರೆ ಹಾಗಲಕಾಯಿ! ಗೆಳೆಯನ ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ಅನಾನಸ್‌ನಲ್ಲಿ ಬ್ರೋಮೆಲೈನ್ ಅನ್ನೋ ಎಂಜೈಮ್ ಇದೆ, ಅದು ಹಾಲಿನ ಪ್ರೋಟೀನ್ ಸರಪಳಿಯನ್ನ ಕತ್ತರಿಸುತ್ತೆ. ಆ ತುಂಡುಗಳಲ್ಲಿ ಕೆಲವು ಕಹಿ. ಪರಂಗಿಕಾಯಿಯ ಪಪೈನ್‌ದೂ ಇದೇ ಗುಣ, ಮಾಂಸ ಮೆತ್ತಗಾಗಲಿ ಅಂತ ಅದನ್ನ ಅರೆದು ಹಚ್ಚೋದು ಅದಕ್ಕೇ. ಪರಿಹಾರ ಸುಲಭ: ಗೊಜ್ಜಿಗೆ ಬೇಯಿಸೋ ಹಾಗೆ ಅನಾನಸ್ ತುಂಡುಗಳನ್ನ ಚೆನ್ನಾಗಿ ಬೇಯಿಸಿ ಆರಿಸಿ ಹಾಕಿ. ಬಿಸಿಗೆ ಎಂಜೈಮ್ ಕೆಟ್ಟುಹೋಗುತ್ತೆ.

ಕಿತ್ತಳೆ, ದ್ರಾಕ್ಷಿ, ಹುಳಿ ಮಾವಿನದು ಬೇರೆ ಕಥೆ. ಕೆಮಿಸ್ಟ್ರಿ ಸೈಕಲ್ ಮರೆತಿಲ್ಲದವರಿಗೆ ಹೇಳಬೇಕಿಲ್ಲ: ಹಾಲಿನ ಪಿಎಚ್ ಸುಮಾರು 6.6. ಅದು 4.6ರ ಹತ್ತಿರ ಇಳಿದ್ರೆ ಕೇಸಿನ್ ಕಣಗಳ ಮೇಲಿನ ಒಟ್ಟು ಚಾರ್ಜ್ ಸೊನ್ನೆಯಾಗಿ ಒಂದಕ್ಕೊಂದು ಅಂಟ್ಕೊಳ್ಳುತ್ತೆ. ಹಾಲು ಒಡೆಯೋದು ಅಂದ್ರೆ ಇದೇ. ಹುಳಿ ಹಣ್ಣಿಗೆ ಹಾಲಿನ ಬದಲು ಮೊಸರು ಹಾಕಿ. ಅದು ಆಗಲೇ ಹೆಪ್ಪುಗಟ್ಟಿದೆ, ಹೊಸದಾಗಿ ಒಡೆಯೋಕೆ ಏನಿಲ್ಲ.

ಕಡಲೆಬೀಜ ಅಲರ್ಜಿ ಇದ್ದವರು ಅದನ್ನ ಬಿಟ್ಟು ಹುರಿಗಡಲೆ ಜಾಸ್ತಿ ಮಾಡ್ಕೊಳ್ಳಿ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನ ಕೇಳದೆ ಕುಡೀಬೇಡಿ. ಪುಡಿಯನ್ನ ಎರಡು ವಾರಕ್ಕೆ ಆಗೋಷ್ಟು ಮಾಡಿ ಗಾಳಿಯಾಡದ ಡಬ್ಬದಲ್ಲಿ ಇಟ್ಕೋಬಹುದು. ನಮ್ಮ ಗೆಳೆಯ ಖಾಲಿಯಾದ ಅದೇ ಮೂರು ಸಾವಿರದ ಡಬ್ಬದಲ್ಲಿ ತುಂಬಿಟ್ಟಿದ್ದಾನೆ. ಬೆಳಗ್ಗೆ ಮೆಸ್‌ನಲ್ಲಿ ಇಡ್ಲಿ ತಿಂದು, ಸಂಜೆ ಅದನ್ನ ಹಾಲಿಗೆ ಕಲಸಿ ಕುಡೀತಾನೆ. ಜೂನಿಯರ್‌ಗಳು ಯಾವ ಬ್ರ್ಯಾಂಡ್ ಅಂತ ಕೇಳಿದ್ರೆ ಇನ್ನೂ ಹೇಳಿಲ್ಲ.