ಬಾಟ್ಲಿ ತುಂಬ ಪುನರ್ಪುಳಿ

ಅಕ್ಕಂದಿರೇ, ಮೇ ತಿಂಗಳು ಬಂತು. ಮರದಲ್ಲಿ ಪುನರ್ಪುಳಿ ಕೆಂಪಾಗಿದೆ. ಕಾರ್ಕಳದ ಕಡೆ ಕಾಡಿನಲ್ಲಿ ಈ ಮರ ತನ್ನಷ್ಟಕ್ಕೇ ಬೆಳೆಯುತ್ತದೆ. ಉಡುಪಿ, ಕಾಪುವಿನ ಹಿತ್ತಿಲಲ್ಲೂ ಉಂಟು. ಘಟ್ಟದ ಕಡೆಯವರು ಇದಕ್ಕೆ ಮುರುಗಲು ಅನ್ನುತ್ತಾರೆ. ಮಹಾರಾಷ್ಟ್ರದವರು ಕೋಕಂ ಅನ್ನುತ್ತಾರೆ. ಹಣ್ಣು ಒಂದೇ, ಹೆಸರು ಮೂರು.

ಈ ಹಣ್ಣು ಹೆಚ್ಚು ದಿನ ಸಿಗುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಮುಗಿಯಿತು. ಹಣ್ಣು ನೆಲಕ್ಕೆ ಬೀಳುತ್ತದೆ, ಕೊಳೆಯುತ್ತದೆ. ಅದೇ ಹೊತ್ತಿಗೆ ಮನೆಗೆ ನೆಂಟರು ಬರುತ್ತಾರೆ. ನಾವು ಅಂಗಡಿಗೆ ಓಡಿ ಕೆಂಪು ಬಣ್ಣದ ಬಾಟ್ಲಿ ತರುತ್ತೇವೆ. ದುಡ್ಡು ಕೊಟ್ಟು ಬಣ್ಣ ಮತ್ತು ಸಕ್ಕರೆ ತರುತ್ತೇವೆ. ಹಿತ್ತಿಲಲ್ಲಿ ಹಣ್ಣು ಮಣ್ಣು ಪಾಲು!

ಬಾಟ್ಲಿಯ ಚೀಟಿ ಓದಿದ್ದೀರಾ? ಇಂಗ್ಲಿಷಿನಲ್ಲಿದ್ದರೆ ಮಕ್ಕಳ ಹತ್ತಿರ ಓದಿಸಿ. ಹಣ್ಣಿನ ಶರಬತ್ತು ಅಂತ ಮಾರಬೇಕಾದರೆ ಕಾಯಿದೆಯಲ್ಲಿ ಒಂದು ಲೆಕ್ಕ ಉಂಟು. ನೂರು ಪಾಲಿನಲ್ಲಿ ಕಡಿಮೆಯೆಂದರೆ 25 ಪಾಲು ಹಣ್ಣಿನ ರಸ ಇರಬೇಕು. ‘ಸಿಂಥೆಟಿಕ್’ ಅಂತ ಬರೆದಿದ್ದರೆ ಅದು ಹಣ್ಣಿನ ಶರಬತ್ತು ಅಲ್ಲ.

“ಟೀಚರೇ, ಮನೆಯಲ್ಲಿ ಮಾಡಿದ್ದು ಉಳಿಯುವುದಿಲ್ಲ. ಎರಡು ವಾರದಲ್ಲಿ ನೊರೆ ಬರ್ತದೆ.” ಸಾಕ್ಷರತಾ ಕೇಂದ್ರದಲ್ಲಿ ಅಕ್ಕಂದಿರು ಹೀಗೆ ಹೇಳುವುದುಂಟು. ಕೆಲವರು ಇದಕ್ಕೆ ‘ಕೈಗುಣ’ ಅನ್ನುತ್ತಾರೆ. ಕೈಗುಣ ಅಲ್ಲ ಅಕ್ಕ, ಇದು ಅಳತೆಯ ವಿಷಯ.

ಪಾನಕ ಬೇರೆ, ಶರಬತ್ತು ಬೇರೆ

ರಾಮನವಮಿಗೆ ಪಾನಕ ಮಾಡುತ್ತೇವೆ. ನೀರು ಹೆಚ್ಚು, ಬೆಲ್ಲ ಸ್ವಲ್ಪ. ಅದನ್ನು ಅವತ್ತೇ ಕುಡಿದು ಮುಗಿಸಬೇಕು. ಮಾರನೇ ದಿನಕ್ಕೆ ಹುಳಿ ವಾಸನೆ ಬರುತ್ತದೆ. ಯಾಕೆ?

ದೋಸೆ ಹಿಟ್ಟು ರಾತ್ರಿ ಉಬ್ಬುತ್ತದಲ್ಲ, ಅದೇ ಕಾರಣ. ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಎಲ್ಲ ಕಡೆ ಉಂಟು. ಗಾಳಿಯಲ್ಲಿ, ಹಣ್ಣಿನ ಸಿಪ್ಪೆಯಲ್ಲಿ, ನಮ್ಮ ಕೈಯಲ್ಲಿ ಇವೆ. ಅವಕ್ಕೆ ನೀರು ಮತ್ತು ಸಿಹಿ ಸಿಕ್ಕಿದರೆ ಬೆಳೆಯುತ್ತವೆ, ಗಾಳಿ ಬಿಡುತ್ತವೆ. ಹಿಟ್ಟು ಉಬ್ಬಿದರೆ ನಮಗೆ ಲಾಭ. ಶರಬತ್ತು ಉಬ್ಬಿದರೆ ನಷ್ಟ. ಬಿರಡೆ ಹಾರುತ್ತದೆ. ಗಾಜಿನ ಬಾಟ್ಲಿ ಒಡೆದು ಚೂರು ಸಿಡಿಯುವುದೂ ಉಂಟು.

“ಸಿಹಿ ಸಿಕ್ಕಿದರೆ ಬೆಳೆಯುತ್ತವೆ ಅಂತೀರಿ. ಹಾಗಾದರೆ ಸಕ್ಕರೆ ಕಡಿಮೆ ಹಾಕಬೇಕಲ್ಲ?”

ಒಳ್ಳೆಯ ಪ್ರಶ್ನೆ. ಉತ್ತರ ನಿಮ್ಮ ಉಪ್ಪುಸೊಳೆಯ ಭರಣಿಯಲ್ಲೇ ಉಂಟು. ಹಲಸಿನ ಸೊಳೆಗೆ ಚಿಟಿಕೆ ಉಪ್ಪು ಹಾಕಿದರೆ ಉಳಿಯುತ್ತದಾ? ಇಲ್ಲ. ತುಂಬ ಹಾಕಿದರೆ ಮಳೆಗಾಲ ಪೂರ್ತಿ ಉಳಿಯುತ್ತದೆ. ಉಪ್ಪು ನೀರನ್ನು ಹಿಡಿದು ಇಟ್ಟುಕೊಳ್ಳುತ್ತದೆ. ಜೀವಿಗಳಿಗೆ ಕುಡಿಯಲು ನೀರು ಸಿಗುವುದಿಲ್ಲ. ಸಕ್ಕರೆಯೂ ಹಾಗೆಯೇ. ಸ್ವಲ್ಪ ಇದ್ದರೆ ಜೀವಿಗಳಿಗೆ ಊಟ. ತುಂಬ ಇದ್ದರೆ ಅವಕ್ಕೆ ಬರಗಾಲ.

ತುಂಬ ಅಂದರೆ ಎಷ್ಟು? ಒಂದು ಕಿಲೋ ಶರಬತ್ತಿನಲ್ಲಿ 650 ಗ್ರಾಂ ಸಿಹಿಯ ಅಂಶ. ಕಾಯಿದೆ ಹೇಳುವುದೂ ಇದನ್ನೇ, ನೂರಕ್ಕೆ 65. ಇದಕ್ಕೆ ಹಣ್ಣಿನ ಹುಳಿ ಸೇರಿತು ಅಂದರೆ ಇನ್ನೂ ಭದ್ರ. ಪುನರ್ಪುಳಿಯಲ್ಲಿ ಹುಳಿ ಧಾರಾಳ ಉಂಟು. ಅದಕ್ಕೇ ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಹಣ್ಣು ಇಲ್ಲ ಅಂತ ನನ್ನ ಅಭಿಪ್ರಾಯ.

ಮಾಡುವ ಕ್ರಮ

ಚೆನ್ನಾಗಿ ಕೆಂಪಾದ, ಗಟ್ಟಿ ಇರುವ ಹಣ್ಣು ಆರಿಸಿ. ಕೊಳೆತದ್ದು, ಹುಳ ಬಿದ್ದದ್ದು ಬೇಡ. ತೊಳೆಯಿರಿ. ಬಟ್ಟೆಯಲ್ಲಿ ಒರೆಸಿ ಒಣಗಿಸಿ. ನೀರಿನ ಪಸೆ ಇರಲೇಬಾರದು.

ಹಣ್ಣನ್ನು ಎರಡು ಹೋಳು ಮಾಡಿ. ಒಳಗಿನ ಬಿಳಿ ತಿರುಳು, ಬೀಜ ತೆಗೆಯಿರಿ. ಮಕ್ಕಳು ಅದನ್ನು ಚೀಪಲಿ. ಬೀಜ ಬಿಸಾಡಬೇಡಿ. ಒಣಗಿಸಿ ಇಡಿ. ಅದರಿಂದ ಗಟ್ಟಿ ತುಪ್ಪ ಬರುತ್ತದೆ. ಒಡೆದ ಹಿಮ್ಮಡಿಗೆ ಹಚ್ಚಲು ಒಳ್ಳೆಯದು.

ಈಗ ಸಿಪ್ಪೆಯನ್ನು ತೂಗಿ. ಎರಡು ಕಿಲೋ ಹಣ್ಣಿನಿಂದ ಸುಮಾರು ಒಂದು ಕಿಲೋ ಸಿಪ್ಪೆ ಸಿಗುತ್ತದೆ. ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆ. ಇದೇ ಮುಖ್ಯ ಅಳತೆ. ಇದನ್ನು ಪುಸ್ತಕದಲ್ಲಿ ಬರೆದುಕೊಳ್ಳಿ:

ಸಿಪ್ಪೆ 1. ಸಕ್ಕರೆ 2.

ಕುಡ್ತೆಯಲ್ಲಿ, ಸೇರಿನಲ್ಲಿ ಅಳೆಯಬೇಡಿ. ಒಂದೊಂದು ಮನೆಯ ಕುಡ್ತೆ ಒಂದೊಂದು ಥರ. ತಕ್ಕಡಿ ಇಲ್ಲದಿದ್ದರೆ ಅಂಗಡಿಯಲ್ಲಿ ತೂಗಿಸಿ.

ಗಾಜಿನ ಅಥವಾ ಪಿಂಗಾಣಿಯ ಭರಣಿ ತೆಗೆದುಕೊಳ್ಳಿ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಬೇಡ. ಹುಳಿ ಆ ಪಾತ್ರೆಯನ್ನೇ ತಿನ್ನುತ್ತದೆ. ಅದು ನಮ್ಮ ಹೊಟ್ಟೆಗೆ ಹೋಗುತ್ತದೆ. ಭರಣಿಯ ತಳಕ್ಕೆ ಸಕ್ಕರೆ, ಅದರ ಮೇಲೆ ಸಿಪ್ಪೆ, ಪುನಃ ಸಕ್ಕರೆ, ಪುನಃ ಸಿಪ್ಪೆ. ಮೇಲಿನ ಪದರ ಸಕ್ಕರೆಯೇ ಇರಲಿ. ಬಾಯಿಗೆ ತೆಳು ಬಟ್ಟೆ ಕಟ್ಟಿ ಬಿಸಿಲಿಗೆ ಇಡಿ. ಇರುವೆ ಬಾರದಂತೆ ಭರಣಿಯನ್ನು ನೀರು ಹಾಕಿದ ತಟ್ಟೆಯಲ್ಲಿ ನಿಲ್ಲಿಸಿ. ಸಂಜೆ ಒಳಗೆ ತನ್ನಿ. ದಿನಕ್ಕೆ ಒಮ್ಮೆ ಒಣಗಿದ ಮರದ ಸೌಟಿನಲ್ಲಿ ಕದಡಿ.

ಎರಡನೇ ದಿನಕ್ಕೇ ಕೆಂಪು ರಸ ಬಿಡುತ್ತದೆ. ಏಳೆಂಟು ದಿನದಲ್ಲಿ ಸಕ್ಕರೆ ಕರಗುತ್ತದೆ. ಸಿಪ್ಪೆ ಮುದುಡುತ್ತದೆ. ಆಗ ಸೋಸಿ. ಎರಡು ಚಿಕ್ಕ ಚಮಚ ಉಪ್ಪು, ಸ್ವಲ್ಪ ಹುರಿದ ಜೀರಿಗೆಯ ಪುಡಿ ಹಾಕಿ. ಒಂದೂವರೆಯಿಂದ ಎರಡು ಲೀಟರ್ ಶರಬತ್ತು ಸಿಗುತ್ತದೆ. ಉಳಿದ ಸಿಪ್ಪೆ ಒಣಗಿಸಿದರೆ ಸಾರಿಗೆ ಆಯಿತು.

ಮೋಡ ಬಂದರೆ ಏನು ಮಾಡುವುದು? ಕಾಯಬೇಡಿ. ಸ್ಟೀಲ್ ಪಾತ್ರೆಗೆ ಹಾಕಿ ಸಣ್ಣ ಬೆಂಕಿಯಲ್ಲಿ ಸಕ್ಕರೆ ಕರಗಿಸಿ, ಸೋಸಿ, ಐದು ನಿಮಿಷ ಕುದಿಸಿ. ಬಿಸಿಲಿನಲ್ಲಿ ಮಾಡಿದ್ದರ ಬಣ್ಣ ಚಂದ, ನಿಜ. ಆದರೆ ಮಾರುವುದಾದರೆ ಬಿಸಿಲಿನದ್ದನ್ನೂ ಒಮ್ಮೆ ಕುದಿಸಿಯೇ ತುಂಬಿಸಿ. ಬಣ್ಣ ಸ್ವಲ್ಪ ಮಂಕಾದರೂ ಚಿಂತೆ ಇಲ್ಲ.

ಬಾಟ್ಲಿಯನ್ನು ಸೋಪು ಹಾಕಿ ತೊಳೆಯಿರಿ. ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಬಾಟ್ಲಿ ಇಟ್ಟು, ತಣ್ಣೀರು ತುಂಬಿಸಿ, ಆಮೇಲೆ ಒಲೆ ಹಚ್ಚಿ. 20 ನಿಮಿಷ ಕುದಿಯಲಿ. ಬೋರಲು ಹಾಕಿ ಒಣಗಿಸಿ. ಬಿಸಿ ಬಾಟ್ಲಿಗೆ ಬಿಸಿ ಶರಬತ್ತು. ತಣ್ಣನೆಯ ಗಾಜಿಗೆ ಬಿಸಿ ಸುರಿದರೆ ಬಿರುಕು ಬಿಡುತ್ತದೆ. ಕತ್ತಿನಲ್ಲಿ ಒಂದು ಇಂಚು ಜಾಗ ಬಿಡಿ. ಔಷಧಿ ಹೊಡೆಯುವ ವಿಷದ ಬಾಟ್ಲಿಯನ್ನು ಎಷ್ಟು ತೊಳೆದರೂ ಉಪಯೋಗಿಸಬೇಡಿ.

ಕುಡಿಯುವಾಗ ಒಂದು ಪಾಲು ಶರಬತ್ತಿಗೆ ಐದು ಪಾಲು ನೀರು. ನೀರು ಕುದಿಸಿ ಆರಿಸಿದ್ದು ಇರಲಿ. ಶರಬತ್ತು ಎಷ್ಟು ಶುದ್ಧ ಇದ್ದರೂ ಕೊಳೆ ನೀರು ಬೆರೆಸಿದರೆ ಬೇಧಿ ತಪ್ಪಿದ್ದಲ್ಲ.

ಹುಳಿ ಇಲ್ಲದ ಹಣ್ಣಿಗೆ ವಿನೆಗರ್

ಎಲ್ಲ ಹಣ್ಣಿನಲ್ಲೂ ಪುನರ್ಪುಳಿಯಷ್ಟು ಹುಳಿ ಇಲ್ಲ. ಚೆನ್ನಾಗಿ ಹಣ್ಣಾದ ಅನಾನಸು ಸಿಹಿ. ಅಂಥದ್ದಕ್ಕೆ ಲಿಂಬೆ ಹಿಂಡಬಹುದು. ಇನ್ನೊಂದು ದಾರಿ ವಿನೆಗರ್.

ವಿನೆಗರ್ ನಮ್ಮ ಊರಿಗೆ ಹೊಸದಲ್ಲ. ಮೂರ್ತೆಯವರು ಇಳಿಸಿದ ಶೇಂದಿಯನ್ನು ಹಾಗೆಯೇ ಇಟ್ಟರೆ ಮೊದಲು ಅಮಲು ಬರುತ್ತದೆ. ಇನ್ನೂ ವಾರಗಟ್ಟಲೆ ಗಾಳಿ ತಾಗಿದರೆ ಅಮಲು ಹೋಗಿ ಖಡಕ್ ಹುಳಿ ಆಗುತ್ತದೆ. ಅದೇ ಶೇಂದಿಯ ವಿನೆಗರ್. ನಮ್ಮ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಉಪ್ಪಿನಕಾಯಿಗೆ, ಮಾಂಸದ ಅಡುಗೆಗೆ ಇದನ್ನು ಹಾಕುತ್ತಾರೆ.

ಕುಡಿಯಲು ವಿನೆಗರ್ ಅಂದರೆ ಕೆಲವರು ಮೂಗು ಮುರಿಯುತ್ತಾರೆ. ಆದರೆ ಇದು ಹಳೆಯ ಪದ್ಧತಿ. ಪರ್ಷಿಯಾ ದೇಶದಲ್ಲಿ, ಅಂದರೆ ಈಗಿನ ಇರಾನಿನಲ್ಲಿ, ಜೇನು ಅಥವಾ ಸಕ್ಕರೆಗೆ ವಿನೆಗರ್ ಸೇರಿಸಿ ಕುದಿಸಿ, ಪುದೀನ ಹಾಕಿ, ಬೇಸಿಗೆಯಲ್ಲಿ ನೀರು ಬೆರೆಸಿ ಕುಡಿಯುತ್ತಾರೆ. ಅದರ ಹೆಸರು ಸಿಕಂಜಬೀನ್. ‘ಶರಬತ್ತು’ ಎಂಬ ಮಾತೂ ಆ ಕಡೆಯಿಂದಲೇ ಬಂದದ್ದು.

ಅನಾನಸಿನ ಅಳತೆ ಹೀಗೆ: ಹಿಂಡಿದ ರಸ ಅರ್ಧ ಲೀಟರ್, ಸಕ್ಕರೆ ಮುಕ್ಕಾಲು ಕಿಲೋ, ವಿನೆಗರ್ ಕಾಲು ಲೀಟರ್. ರಸ, ಸಕ್ಕರೆ ಕುದಿಸಿ. ಇಳಿಸುವಾಗ ವಿನೆಗರ್ ಹಾಕಿ ಇನ್ನೊಂದು ಕುದಿ ಬರಿಸಿ. ಜಜ್ಜಿದ ಶುಂಠಿ ಹಾಕಿದರೆ ಪರಿಮಳ. ಇದರಲ್ಲಿ ಸಕ್ಕರೆ ಕಡಿಮೆ ಇರುವುದರಿಂದ ಫ್ರಿಜ್ಜಿನಲ್ಲಿ ಇಡಿ, ಒಂದು ತಿಂಗಳಲ್ಲಿ ಮುಗಿಸಿ. ಮನೆಗೆ ಸರಿ, ಮಾರಾಟಕ್ಕೆ ಬೇಡ.

ಎಚ್ಚರ! ವಿನೆಗರ್ ಬೇರೆ, ಆಸಿಡ್ ಬೇರೆ. ಅಡುಗೆಯ ವಿನೆಗರಿನಲ್ಲಿ ನೂರಕ್ಕೆ ಸುಮಾರು 4 ಪಾಲು ಮಾತ್ರ ಆಸಿಡ್ ಇರುತ್ತದೆ. ಕಾರ್ಕಳದ ಕಡೆ ರಬ್ಬರ್ ತೋಟ ಇರುವ ಮನೆಗಳಲ್ಲಿ ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಆಸಿಡ್ ಇರುತ್ತದೆ. ನೋಡಲು ನೀರಿನ ಹಾಗೆ, ವಾಸನೆ ವಿನೆಗರಿನಂತೆ ಖಾರ. ಅದು ಹೊಟ್ಟೆಗೆ ಹೋದರೆ ಗಂಟಲು ಸುಟ್ಟು ಜೀವ ಹೋಗಬಹುದು. ಅದನ್ನು ಅಡುಗೆಮನೆಗೆ ತರಲೇಬೇಡಿ. ಕುಡಿಯುವ ಬಾಟ್ಲಿಯಲ್ಲಿ ಹಾಕಿಡಬೇಡಿ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ‘ವಿಷ’ ಎಂದು ನೀವೇ ಬರೆಯಿರಿ. ಎರಡೇ ಅಕ್ಷರ.

ಇನ್ನೊಂದು ಮಾತು. ಹಿತ್ತಿಲಲ್ಲಿ ಬಿಂಬುಳಿ ಗೊಂಚಲು ಗೊಂಚಲು ಬಿಡುತ್ತದೆ. ಅದರ ಶರಬತ್ತು ಯಾಕೆ ಆಗಬಾರದು ಅಂತ ಕೇಳುತ್ತೀರಿ. ಬೇಡ ಅಕ್ಕ. ಕೇರಳದಲ್ಲಿ ಕೆಲವರು ಕೊಬ್ಬು ಕರಗುತ್ತದೆ ಅಂತ ಬಿಂಬುಳಿ ರಸ ಕುಡಿದು ಕಿಡ್ನಿ ಕೆಡಿಸಿಕೊಂಡರು. ವೈದ್ಯರು 2013ರಲ್ಲಿ ಇದನ್ನು ಬರೆದಿದ್ದಾರೆ. ಅದರಲ್ಲಿ ಆಕ್ಸಲೇಟ್ ಎಂಬ ಅಂಶ ತುಂಬ ಉಂಟು. ದಾರೆಹುಳಿಯಲ್ಲೂ ಉಂಟು. ಮೀನಿನ ಸಾರಿಗೆ ಎರಡು ಬಿಂಬುಳಿ ಹಾಕುವುದು ಬೇರೆ, ರಸ ಹಿಂಡಿ ಲೋಟಗಟ್ಟಲೆ ಕುಡಿಯುವುದು ಬೇರೆ.

ಸಕ್ಕರೆ ಕಾಯಿಲೆ ಇರುವವರಿಗೂ ಶರಬತ್ತು ಬೇಡ. ಒಂದು ಲೋಟಕ್ಕೆ ಹಾಕುವ 40 ಮಿಲಿ ಲೀಟರ್ ಶರಬತ್ತಿನಲ್ಲಿ ಆರೇಳು ಚಿಕ್ಕ ಚಮಚ ಸಕ್ಕರೆ ಇರುತ್ತದೆ. ಅವರಿಗೆ ಒಣ ಸಿಪ್ಪೆ ನೆನೆಸಿ, ಉಪ್ಪು ಜೀರಿಗೆ ಹಾಕಿ ಕೊಡಿ. ಅದೂ ರುಚಿಯೇ.

ಮಾರುವುದಾದರೆ

ಮಣಿಪಾಲದಲ್ಲಿ ಓದುವ ಮಕ್ಕಳು ಬಹಳ. ಉಡುಪಿಗೆ ಯಾತ್ರಿಕರು ಬರುತ್ತಾರೆ. ಕಾಪುವಿನ ಕಡಲ ಕರೆಗೆ ಜನ ಬರುತ್ತಾರೆ. ಕೊಳ್ಳುವವರು ಇದ್ದಾರೆ. ಆದರೆ ಮಾರುವ ಮೊದಲು ಆಹಾರ ಸುರಕ್ಷತಾ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಸ್ವಸಹಾಯ ಸಂಘದ ಹೆಸರಿನಲ್ಲಿಯೂ ಮಾಡಬಹುದು. ಏನಾದರೂ ಕೇಳುವುದಿದ್ದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ.

ಪಿತ್ತಕ್ಕೆ ಪುನರ್ಪುಳಿ ಒಳ್ಳೆಯದು ಅಂತ ಅಜ್ಜಿಯಂದಿರು ಹೇಳುತ್ತಾರೆ. ಮನೆಯಲ್ಲಿ ಹೇಳಿಕೊಳ್ಳಿ. ಚೀಟಿಯಲ್ಲಿ ಮಾತ್ರ ‘ರೋಗ ಗುಣವಾಗುತ್ತದೆ’ ಅಂತ ಬರೆಯಬೇಡಿ. ಅದಕ್ಕೆ ಕಾಯಿದೆ ಬಿಡುವುದಿಲ್ಲ.

ಲೆಕ್ಕ ನೋಡಿ. ಸಕ್ಕರೆ ಕಿಲೋಗೆ 45 ರೂಪಾಯಿ ಅಂತ ಇಟ್ಟುಕೊಳ್ಳೋಣ. 2 ಕಿಲೋಗೆ 90 ರೂಪಾಯಿ. ಅರ್ಧ ಲೀಟರಿನ ಬಾಟ್ಲಿ ಒಂದಕ್ಕೆ 20ರಂತೆ ಮೂರಕ್ಕೆ 60 ರೂಪಾಯಿ. ಒಟ್ಟು 150. ಒಂದು ಬಾಟ್ಲಿಗೆ 50 ರೂಪಾಯಿ ಬಿತ್ತು.

“ಹಾಗಾದರೆ 60ಕ್ಕೆ ಮಾರಿದರೆ 10 ರೂಪಾಯಿ ಲಾಭ.”

ನಿಲ್ಲಿ ಅಕ್ಕ. ಹಣ್ಣು ಕೊಯ್ದದ್ದು ಯಾರು? ಸಿಪ್ಪೆ ಬಿಡಿಸಿದ್ದು ಯಾರು? ಎಂಟು ದಿನ ಭರಣಿ ಒಳಗೆ ಹೊರಗೆ ತಂದದ್ದು ಯಾರು? ಸೌದೆ, ಗ್ಯಾಸು ಎಲ್ಲಿ ಬರೆದಿರಿ? ಗಂಡಸರು ತೋಟದ ಲೆಕ್ಕ ಬರೆಯುವಾಗ ಕೂಲಿ ಬರೆಯುತ್ತಾರೆ. ನಾವೂ ಬರೆಯೋಣ. ಕೂಲಿ ಸೇರಿಸಿದ ಮೇಲೆ ಉಳಿದದ್ದು ಲಾಭ.

ಕೊನೆಗೆ ಚೀಟಿ ಬರೆಯಿರಿ. ಹೀಗೆ:

ಪುನರ್ಪುಳಿ ಶರಬತ್ತು
ಹಾಕಿದ ವಸ್ತು: ಪುನರ್ಪುಳಿ, ಸಕ್ಕರೆ, ಉಪ್ಪು, ಜೀರಿಗೆ
ತುಂಬಿಸಿದ ತಾರೀಕು:
ಮಾಡಿದವರ ಹೆಸರು:

ಇದು ಮನೆಯ ಬಾಟ್ಲಿಗೆ ಸಾಕು. ಮಾರುವ ಬಾಟ್ಲಿಗೆ ಇನ್ನೂ ಕೆಲವು ವಿವರ ಬೇಕು. ನೋಂದಣಿ ಮಾಡುವಾಗ ಕೇಳಿ ಬರೆದುಕೊಳ್ಳಿ. ಬಾಟ್ಲಿ ತೆರೆದಾಗ ‘ಬುಸ್’ ಎಂದರೆ, ನೊರೆ ಬಂದರೆ, ಮೇಲೆ ಬೂಸ್ಟು ಕಂಡರೆ ರುಚಿ ನೋಡಲೂ ಹೋಗಬೇಡಿ, ಚೆಲ್ಲಿ. ಚೀಟಿಯ ತಾರೀಕು ನೋಡಿ ಆ ದಿನ ತುಂಬಿಸಿದ ಉಳಿದ ಬಾಟ್ಲಿಗಳನ್ನೂ ಬೇರೆ ಇಡಿ. ತಾರೀಕು ಬರೆಯದಿದ್ದರೆ ಯಾವುದು ಯಾವತ್ತಿನದು ಅಂತ ಹೇಗೆ ಗೊತ್ತಾಗುವುದು?

ಮಾಡಿ ನೋಡಿ

1. ನಿಮ್ಮ ಹತ್ತಿರ 3 ಕಿಲೋ ಸಿಪ್ಪೆ ಉಂಟು. ಸಕ್ಕರೆ ಎಷ್ಟು ಕಿಲೋ ಬೇಕು?
2. ನಿಮ್ಮ ಕೆಲಸ 3 ಗಂಟೆ. ಗಂಟೆಗೆ 50 ರೂಪಾಯಿ ಕೂಲಿ. ಮೇಲಿನ ಮೂರು ಬಾಟ್ಲಿಗೆ ಇದನ್ನು ಸೇರಿಸಿ. ಈಗ ಒಂದು ಬಾಟ್ಲಿಗೆ ಎಷ್ಟು ಬಿತ್ತು?
3. ನಿಮ್ಮ ಬಾಟ್ಲಿಯ ಚೀಟಿಯನ್ನು ನಿಮ್ಮ ಕೈಯಿಂದಲೇ ಬರೆದು ನಾಳೆ ಕೇಂದ್ರಕ್ಕೆ ತನ್ನಿ.