ಕಾಡುಗಿಚ್ಚನ್ನು ತಡೆಯುವ ಪುಲಾಸ್ಕಿ ಎಂಬ ಆಯುಧ

ಕಾಡಂಚಿನಲ್ಲಿ ಸಾಗುವಳಿ ಮಾಡತಕ್ಕ ಜಮೀನುದಾರರೂ ಊರ ಯಜಮಾನರೂ ಈ ವಿಷಯವನ್ನು ಗಮನವಿಟ್ಟು ಓದಬೇಕಾಗಿ ಕೋರಲಾಗಿದೆ. ಎಲೆಯುದುರಿದ ಕಾಡಿಗೆ ಬಿದ್ದ ಬೆಂಕಿಯು ಗಡಿಕಲ್ಲನ್ನು ನೋಡಿ ನಿಲ್ಲುವುದಿಲ್ಲ; ಬೇಲಿ, ಹುಲ್ಲಿನ ಬಣವೆ, ದನದ ಕೊಟ್ಟಿಗೆಗಳ ವರೆಗೂ ಬರುತ್ತದೆ. 2019ನೆಯ ಇಸವಿ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಉರಿದುದನ್ನು ಆ ಸೀಮೆಯವರು ಬಲ್ಲರು. ಹಸಿ ಸೊಪ್ಪಿನಿಂದ ಬಡಿದು ಬೆಂಕಿ ಆರಿಸುವುದು ನಮ್ಮವರ ವಾಡಿಕೆ. ತೆಳುವಾದ ಹುಲ್ಲಿನ ಬೆಂಕಿಗೆ ಅದು ಸಾಕು. ಪೊದೆ, ಬೇರು, ಬಿದ್ದ ದಿಮ್ಮಿಗಳು ಹೊತ್ತಿಕೊಂಡಲ್ಲಿ ಸಾಲದು. ಅಲ್ಲಿ ಬೆಂಕಿಗೆ ಆಹಾರವೇ ಇಲ್ಲದಂತೆ ಬರಿ ಮಣ್ಣಿನ ಪಟ್ಟೆಯನ್ನು ತೆಗೆಯಬೇಕಾಗುವುದು.

ಈ ಕೆಲಸಕ್ಕೆಂದೇ ಅಮೆರಿಕಾ ದೇಶದಲ್ಲಿ ರೂಢಿಗೆ ಬಂದ ಆಯುಧವೊಂದುಂಟು. 1910ನೆಯ ಇಸವಿ ಆಗಸ್ಟ್ 20 ಮತ್ತು 21ನೆಯ ತಾರೀಖುಗಳಲ್ಲಿ ಐಡಹೋ, ಮೊಂಟಾನಾ ಪ್ರಾಂತಗಳಲ್ಲಿ ಬಿರುಗಾಳಿಯೊಡನೆ ಎದ್ದ ಕಾಡುಗಿಚ್ಚು ಸುಮಾರು 30 ಲಕ್ಷ ಎಕರೆಗಳನ್ನು ಸುಟ್ಟಿತು. 80ಕ್ಕೂ ಮಿಕ್ಕಿ ಜನ ಮಡಿದರು. ಅವರಲ್ಲಿ ಬಹುಮಂದಿ ಬೆಂಕಿ ಆರಿಸಲು ಹೋದವರೇ. ವಾಲೇಸ್ ಪಟ್ಟಣದ ಸಮೀಪದಲ್ಲಿ ಎಡ್ವರ್ಡ್ ಪುಲಾಸ್ಕಿ ಎಂಬ ಅರಣ್ಯಾಧಿಕಾರಿಯು ತನ್ನ ಕೈಕೆಳಗಿನ ಸುಮಾರು 45 ಮಂದಿಯನ್ನು ಗಣಿಯ ಸುರಂಗದೊಳಕ್ಕೆ ನಡೆಸಿ, ಅವರಲ್ಲಿ ಹೆಚ್ಚಿನವರ ಪ್ರಾಣವನ್ನು ಉಳಿಸಿದನು. ಕಮ್ಮಾರಿಕೆಯನ್ನೂ ಬಲ್ಲವನಾದ ಈತನು ಮುಂದಿನ ಕೆಲವೇ ವರ್ಷಗಳಲ್ಲಿ ಈ ಆಯುಧವನ್ನು ತಿದ್ದಿ ಹದಕ್ಕೆ ತಂದನು. ಇಂಥ ಜೋಡಿ ಆಯುಧಗಳು ಅದಕ್ಕೆ ಹಿಂದೆಯೂ ಇದ್ದವು. ಬೆಂಕಿಯ ಕೆಲಸಕ್ಕೆ ಅದನ್ನು ಹೊಂದಿಸಿದ ಕೀರ್ತಿ ಮಾತ್ರ ಅವನಿಗೆ ಸಲ್ಲತಕ್ಕದ್ದು.

ಇದರ ತಲೆಯು ಒಂದೇ ಉಕ್ಕಿನದು. ಒಂದು ಮಗ್ಗುಲು ಕೊಡಲಿ. ಇನ್ನೊಂದು ಮಗ್ಗುಲು ಬಡಗಿಯ ಬಾಚಿಯಂತೆ ಅಡ್ಡವಾಗಿ ತಿರುಗಿದ ಅಲಗು. ತಲೆಯ ತೂಕ ಸುಮಾರು 3½ ಪೌಂಡು, ಕಾವಿನ ಉದ್ದ 36 ಅಂಗುಲ, ಎಂದರೆ ಎರಡು ಮೊಳ. ಕಡಿಯುವುದಕ್ಕೊಂದು, ಅಗೆಯುವುದಕ್ಕೊಂದು ಎಂದು ಎರಡನ್ನು ಹೊತ್ತು ಗುಡ್ಡ ಹತ್ತುವ ಶ್ರಮ ಇದರಿಂದ ತಪ್ಪುತ್ತದೆ. ಊರಿನ ಎಲ್ಲರಿಗೂ ಇದು ಬೇಕೆಂದು ನಾವು ಹೇಳುವುದಿಲ್ಲ. ಮುಂದೆ ನಡೆಯುವ ಇಬ್ಬರ ಕೈಯಲ್ಲಿದ್ದರೆ ಸಾಕು. ಹಿಂದಿನವರಿಗೆ ಮನೆಯ ಗುದ್ದಲಿಗಳೇ ಆಗಬಹುದು.

ಮುಂದಿನವರು ಪೊದೆಯನ್ನು ಕಡಿದು ಬೇರನ್ನು ಕೀಳಲಿ; ಹಿಂದಿನವರು ಎಲೆ, ಹುಲ್ಲು, ಬೇರಿನ ನಾರುಗಳನ್ನೆಲ್ಲಾ ಮಣ್ಣು ಕಾಣುವ ವರೆಗೆ ಕೆರೆಯಲಿ. ಒಬ್ಬರಿಗೊಬ್ಬರು 10 ಅಡಿ ದೂರವಿರತಕ್ಕದ್ದು. ಪಟ್ಟೆಯ ಅಗಲವು ಪಕ್ಕದ ಹುಲ್ಲು ಪೊದೆಗಳ ಎತ್ತರದ ಒಂದೂವರೆ ಪಾಲಿಗೆ ಕಡಿಮೆಯಾಗಬಾರದು. ಉರಿಯುವ ಕೊಳ್ಳಿಯನ್ನು ಸುಟ್ಟ ಕಡೆಗೂ, ಉರಿಯದ ಸೊಪ್ಪು ಕಡ್ಡಿಯನ್ನು ಊರ ಕಡೆಗೂ ಎಸೆಯಬೇಕು; ಇದು ತಿರುಗುಮುರುಗಾದರೆ ಪಟ್ಟೆ ತೆಗೆದೂ ವ್ಯರ್ಥ. ಪಟ್ಟೆಯನ್ನು ದಾಟುವ ಒಂದು ಬೇರು ಉಳಿದರೂ ಕೆಂಡವು ಅದರೊಳಗೆ ಹರಿದು ಆಚೆಗೆ ಏಳಬಹುದು. ಇಳಿಜಾರಿನಲ್ಲಿ ಬೆಂಕಿಯು ಮೇಲ್ಗಡೆಯಿದ್ದರೆ ಕೆಳಗೆ ಕಾಲುವೆಯಂತೆ ತೋಡಬೇಕು, ಉರುಳಿ ಬರುವ ಕೊಳ್ಳಿ ಅದರಲ್ಲಿ ನಿಲ್ಲುವುದು. ಬೆಂಕಿಯು ಕೆಳಗಿನಿಂದ ಏರಿ ಬರುತ್ತಿರುವಾಗ ಅದಕ್ಕೆದುರಾಗಿ ಮೇಲೆ ನಿಂತು ಕೆಲಸ ಮಾಡಕೂಡದು. ಓಡಿಹೋಗುವ ದಾರಿಯನ್ನು ಮೊದಲೇ ಎಲ್ಲರಿಗೂ ತೋರಿಸಿರುವುದು ಯಜಮಾನನ ಹೊಣೆ. ಸರಕಾರಿ ಕಾಡಿನೊಳಗಿನ ಕೆಲಸವು ಅರಣ್ಯ ಇಲಾಖೆಯವರ ಅಪ್ಪಣೆಯ ಮೇಲೆಯೇ ನಡೆಯತಕ್ಕದ್ದು.

ಕೊಡಲಿಯ ಬಾಯನ್ನು ಮಣ್ಣಿಗೆ ಹೊಡೆಯಬಾರದು. ಎರಡು ಅಲಗುಗಳನ್ನೂ ಬೇಸಗೆಗೆ ಮುಂಚೆ ಅರದಿಂದ ಮಸೆದು, ಸಡಿಲವಾದ ಕಾವಿಗೆ ಬೆಣೆ ಹೊಡೆದಿಡಬೇಕು. ನಡೆಯುವಾಗ ಹೆಗಲ ಮೇಲಿಡದೆ, ಇಳಿಜಾರಿನ ಕೆಳಗಡೆಯ ಕೈಯಲ್ಲಿ ತಗ್ಗಿಸಿ ಹಿಡಿಯುವುದು ಕ್ಷೇಮ. ಬೆಂಕಿ ಆರಿತೆಂದು ತೋರಿದ ಮೇಲೂ ದಿಮ್ಮಿಗಳ ಅಡಿಯನ್ನು ಬಾಚಿಯ ಬಾಯಿಂದ ಕೆದಕಿ, ಕೈಯ ಹಿಂಬದಿಯನ್ನು ಸಮೀಪಕ್ಕೆ ತಂದು ಶಾಖವನ್ನು ಪರೀಕ್ಷಿಸಿ, ಮಾರನೆಯ ದಿನವೂ ಪಟ್ಟೆಯ ಮೇಲೆ ಕಾವಲಿಡತಕ್ಕದ್ದು.