ಹಿಂದಿನ ಶಾಕಬ್ಸರ್: ಬಿಗಿ ಮಾಡಿದರೆ ಬಲ ಬರುವುದಿಲ್ಲ

ಮಳೆ ನಂಬಿದ ಊರುಗಳಲ್ಲಿ ಈಗ ಎತ್ತಿನ ಗಾಡಿ ಇರುವ ಮನೆಗಿಂತ ಬೈಕು ಇರುವ ಮನೆಯೇ ಹೆಚ್ಚು. ಹೊಲಕ್ಕೆ ಗೊಬ್ಬರದ ಚೀಲ, ಔಷಧಿ ಹೊಡೆಯೋದಕ್ಕೆ ನೀರಿನ ಕ್ಯಾನು, ಡೇರಿಗೆ ಹಾಲು, ಸಂತೆಗೆ ಕುರಿಮರಿ, ಎಲ್ಲಾ ಅದರ ಬೆನ್ನ ಮೇಲೇನೇ. ಕಂಪನಿಯವರು ಅದನ್ನು ಮಾಡಿದ್ದು ಇಬ್ಬರು ಕೂತು ಹೋಗಲಿ ಅಂತ. ಹಿಂದಿನವರು ಕೂರುವ ಜಾಗಕ್ಕೆ ನಾವು ಚೀಲ ಹಾಕಿ, ಚೀಲದ ಮೇಲೆ ಇನ್ನೊಬ್ಬರನ್ನು ಕೂರಿಸುತ್ತೇವೆ. ಚಕ್ರ ಮಡ್‌ಗಾರ್ಡಿಗೆ ಉಜ್ಜೋದಕ್ಕೆ ಶುರುವಾದ ಮೇಲೆ ಮೆಕ್ಯಾನಿಕ್ ಹತ್ರ ಹೋಗಿ "ಶಾಕಬ್ಸರ್ ಸ್ವಲ್ಪ ಬಿಗಿ ಮಾಡಪ್ಪ" ಅನ್ನುತ್ತೇವೆ. ಅವನು ಕಾಲರ್ ತಿರುಗಿಸಿ ಕೊಡುತ್ತಾನೆ. ಬೈಕು ಎತ್ತರ ನಿಲ್ಲುತ್ತದೆ, ನಮಗೆ ಸಮಾಧಾನ.

ಈ ಸಮಾಧಾನ ಎಷ್ಟು ನಿಜ ಅಂತ ನನಗೆ ಗೊತ್ತಾಗಿದ್ದು ಸೋದರಳಿಯನಿಂದ. ಅವನು ಬೆಂಗಳೂರಿನ ಹೊರಗೆ, ದುಡ್ಡು ಕೊಟ್ಟು ಮಣ್ಣಿನ ಹಾದಿಯಲ್ಲಿ ನಾಲ್ಕು ಚಕ್ರದ ಆಟದ ಬೈಕು ಓಡಿಸುವ ಒಂದು ಜಾಗದಲ್ಲಿ ಮೆಕ್ಯಾನಿಕ್. ಅದಕ್ಕೆ ಎಟಿವಿ ಅಂತಾರೆ. ರೇಸಿನ ಥರದ ಎಟಿವಿಯಲ್ಲಿ ಹಿಂದಿನ ಎರಡು ಚಕ್ರಕ್ಕೂ ಒಂದೇ ಅಚ್ಚು. ಆ ಅಚ್ಚನ್ನು ಹಿಡಿದಿರುವುದು ಒಂದು ಸ್ವಿಂಗ್ ಆರ್ಮ್. ನಡುವೆ ಒಂದೇ ಒಂದು ದಪ್ಪ ಶಾಕಬ್ಸರ್. ನಮ್ಮ ಹಳೇ ಏತ ನೆನಪಿದೆಯಲ್ಲ, ಆ ತುದಿ ಆಳೆತ್ತರ ಏರಿದರೆ ಈ ತುದಿ ಮೊಳ ಇಳಿಯುತ್ತಿತ್ತು. ಹಾಗೇ ಅಲ್ಲಿ ಚಕ್ರ ತುಂಬಾ ಆಡುತ್ತದೆ, ಶಾಕಬ್ಸರ್ ಸ್ವಲ್ಪ ಕುಗ್ಗುತ್ತದೆ. ಯಮಾಹಾ ರಾಪ್ಟರ್ 700ರಂಥ ಗಾಡಿಯಲ್ಲಿ ಹಿಂದಿನ ಚಕ್ರ ಸುಮಾರು 25 ಸೆಂ.ಮೀ. ಮೇಲೆ ಕೆಳಗೆ ಆಡುತ್ತದಂತೆ. ನಮ್ಮ ಸಾಮಾನ್ಯ ಬೈಕುಗಳಲ್ಲಿ ಈ ಆಟ 8-10 ಸೆಂ.ಮೀ. ಆಸುಪಾಸು, ಅಷ್ಟೇ.

ಅಲ್ಲಿಗೆ 50 ಕೆ.ಜಿ. ಹುಡುಗನೂ ಬರುತ್ತಾನೆ, 100 ಕೆ.ಜಿ. ಆಸಾಮಿಯೂ ಬರುತ್ತಾನೆ. ದಪ್ಪ ಜನ ಕೂತಾಗ ಗಾಡಿ ತಳ ಬಡಿಯುತ್ತದೆ ಅಂತ ಮೊದಲಿದ್ದವರು ಎಲ್ಲಾ ಗಾಡಿಗಳ ಕಾಲರನ್ನೂ ಕೊನೆಯವರೆಗೆ ಬಿಗಿ ಮಾಡಿದ್ದರಂತೆ. ಆಮೇಲೆ ಹಗುರ ಜನ ಕೂತರೆ ದಿಬ್ಬದ ಮೇಲೆ ಹಿಂಭಾಗ ಒದೆಯೋದಕ್ಕೆ ಶುರುವಾಯಿತು. ಇವನು ಹೋದ ಮೇಲೆ ಕಾಲರ್ ಇಳಿಸಿ, ಕೆಲವು ಗಾಡಿಗೆ ಬಲದ ಸ್ಪ್ರಿಂಗು ಹಾಕಿ, ಒಳಗಿನ ಎಣ್ಣೆಯ ಹಿಡಿತವನ್ನೂ ಅದಕ್ಕೆ ಹೊಂದಿಸಿದ. "ಮಾವ, ನಿಮ್ಮೂರಲ್ಲಿ ಕಾಲರ್ ತಿರುಗಿಸೋದನ್ನೇ ರಿಪೇರಿ ಅಂತಾರೆ. ಅದು ಎತ್ತರದ ಅಡ್ಜಸ್ಟು. ಸ್ಪ್ರಿಂಗಿನ ಬಲ ಇದ್ದಷ್ಟೇ ಇರುತ್ತೆ" ಅಂದ. ನಾನು ಒಪ್ಪಲಿಲ್ಲ. ಟೇಪು ಹಿಡಿದು ನನ್ನ ಬೈಕಿನ ಮೇಲೇ ತೋರಿಸಿದ. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನ ಗಣಿತ ಸಾಕು.

ಬೈಕನ್ನು ನಡುವಿನ ಸ್ಟ್ಯಾಂಡಿಗೆ ಹಾಕಿ. ಹಿಂದಿನ ಚಕ್ರ ನೆಲ ಬಿಟ್ಟಿರಬೇಕು. ಚಕ್ರದ ಅಚ್ಚಿನ ನಟ್ಟಿನಿಂದ ನೇರ ಮೇಲಕ್ಕೆ, ಸೀಟಿನ ಕೆಳಗಿನ ಚಾಸಿಯ ಮೇಲೆ ಸುಣ್ಣದಲ್ಲಿ ಒಂದು ಗುರುತು ಹಾಕಿ ಅಳೆಯಿರಿ. ನನ್ನ ಬೈಕಿನಲ್ಲಿ 46 ಸೆಂ.ಮೀ. ಇತ್ತು. ಸ್ಟ್ಯಾಂಡ್ ತೆಗೆದು ಬರೀ ಬೈಕು ನಿಲ್ಲಿಸಿದಾಗ 45. ನಾನು ಕೂತಾಗ 43. ಹಿಂದೆ 60 ಕೆ.ಜಿ. ಮೂಟೆ ಹಾಕಿ ನಾನೂ ಕೂತಾಗ 40. ಪೂರ್ತಿ ತಳ ಮುಟ್ಟುವುದು 38ಕ್ಕೆ. ಅಂದ್ರೆ ಒಟ್ಟು ಆಟ 8 ಸೆಂ.ಮೀ., ಅದರಲ್ಲಿ 6 ಸೆಂ.ಮೀ. ಮನೆ ಅಂಗಳದಲ್ಲೇ ಮುಗಿದಿತ್ತು. ಹಾದಿಯ ಗುಂಡಿಗೆ ಉಳಿದದ್ದು 2 ಸೆಂ.ಮೀ.

60 ಕೆ.ಜಿ. ಮೂಟೆಗೆ 3 ಸೆಂ.ಮೀ. ಕುಗ್ಗಿತು. ಹಾಗಾದ್ರೆ ಎರಡೂ ಸ್ಪ್ರಿಂಗು ಸೇರಿ 1 ಸೆಂ.ಮೀ. ಕುಗ್ಗಲು 20 ಕೆ.ಜಿ. ಬೇಕು. ಇದೇ ಸ್ಪ್ರಿಂಗಿನ ಬಲ. ಉಳಿದ 2 ಸೆಂ.ಮೀ. ಕುಗ್ಗಿ ತಳ ಬಡಿಯಲು 40 ಕೆ.ಜಿ. ಸಾಕು. ಗುಂಡಿಗೆ ಬಿದ್ದಾಗ ಆ ಏಟು ಯಾವ ಲೆಕ್ಕ?

ಈಗ ಕಾಲರನ್ನು ಕೊನೆಯ ಮೆಟ್ಟಿಲಿಗೆ ತಿರುಗಿಸಿದೆವು. ಸ್ಪ್ರಿಂಗು ಮೊದಲೇ 1 ಸೆಂ.ಮೀ. ಹೆಚ್ಚು ಅದುಮಿಕೊಂಡಿತು. ಮೂಟೆ ಹಾಕಿ ಅಳೆದಾಗ 41. ಬೈಕು 1 ಸೆಂ.ಮೀ. ಎತ್ತರ ಬಂತು, ನಿಜ. ಆದರೆ ಮೂಟೆ ಇಳಿಸಿ ಹೇರಿ ನೋಡಿದರೆ ಈಗಲೂ 60 ಕೆ.ಜಿ.ಗೆ ಅದೇ 3 ಸೆಂ.ಮೀ. ಕುಗ್ಗಿತು. ಬಲ ಒಂದು ಕಾಳಷ್ಟೂ ಹೆಚ್ಚಲಿಲ್ಲ. ತಳ ಮುಟ್ಟಲು ಈಗ 3 ಸೆಂ.ಮೀ., ಅಂದ್ರೆ 60 ಕೆ.ಜಿ. ಅಷ್ಟು ಲಾಭ ಒಪ್ಪಿಕೊಳ್ಳೋಣ. ಅದಕ್ಕೆ ತೆತ್ತದ್ದೇನು ಅಂದ್ರೆ, ಮೂಟೆ ಇಲ್ಲದೆ ಬರೀ ಬೈಕು ನಿಂತಾಗ 46, ಒಂದಿಷ್ಟೂ ಕುಗ್ಗುವುದಿಲ್ಲ. ಖಾಲಿ ಬರುವಾಗ ಚಕ್ರ ಗುಂಡಿಯೊಳಗೆ ಇಳಿಯೋದಕ್ಕೆ ಆಟವೇ ಕಡಿಮೆ. ಚಕ್ರ ನೆಲ ಬಿಟ್ಟು ಹಾರುತ್ತದೆ, ಆಗ ಬ್ರೇಕ್ ಹಿಡಿದರೆ ಹಿಡಿಯುವುದೇನನ್ನು?

ಆಮೇಲೆ 26 ಕೆ.ಜಿ. ಬಲದ ಜೋಡಿ ಹಾಕಿದೆವು, ಕಾಲರ್ ಮೊದಲಿನ ಜಾಗದಲ್ಲೇ. ಮೂಟೆ ಸಮೇತ 41.6. ಉಳಿದ ಆಟ 3.6 ಸೆಂ.ಮೀ. ಅದನ್ನು 26ರಿಂದ ಗುಣಿಸಿದರೆ ತಳ ಮುಟ್ಟಲು ಸುಮಾರು 94 ಕೆ.ಜಿ. ಬೇಕು. 40, 60, 94. ಈ ಮೂರು ಅಂಕಿಯನ್ನು ಗೋಡೆ ಮೇಲೆ ಬರೆದಿಟ್ಟುಕೊಂಡಿದ್ದೇನೆ.

ಎಟಿವಿ ಓಡಿಸುವವರ ರೂಢಿಯಂತೆ, ಸವಾರ ಕೂತಾಗ ಒಟ್ಟು ಆಟದ ಮೂರನೇ ಒಂದು ಭಾಗದಷ್ಟು ಕುಗ್ಗಿರಬೇಕು. ನಮಗೆ ಇದನ್ನೇ ಪಾಲಿಸುವುದು ಕಷ್ಟ, ಯಾಕಂದ್ರೆ ಹೋಗುವಾಗ ಹೇರು, ಬರುವಾಗ ಖಾಲಿ. ಹೇರು ಇದ್ದಾಗ ಅರ್ಧಕ್ಕಿಂತ ಚೂರು ಹೆಚ್ಚು ಕುಗ್ಗಿದರೆ ನಾನು ತಕರಾರು ಮಾಡೋದಿಲ್ಲ. ಮುಕ್ಕಾಲು ದಾಟಿದರೆ ಮೂಟೆ ಇಳಿಸುತ್ತೇನೆ.

ಸ್ಪ್ರಿಂಗು ಅರ್ಧ ಕೆಲಸ ಮಾತ್ರ. ಶಾಕಬ್ಸರಿನ ಒಳಗೆ ಎಣ್ಣೆ ಇದೆ, ಸಣ್ಣ ತೂತುಗಳಿರುವ ಒಂದು ಪಿಸ್ಟನ್ ಇದೆ. ದನಕ್ಕೆ ಇಂಜೆಕ್ಷನ್ ಕೊಡುವ ಸಿರಿಂಜಿನಲ್ಲಿ ನೀರು ತುಂಬಿ ಒತ್ತಿ ನೋಡಿ. ನಿಧಾನಕ್ಕೆ ಒತ್ತಿದರೆ ಸಲೀಸು, ಜೋರಾಗಿ ಒತ್ತಿದರೆ ಕೈ ತಡೆಯುತ್ತದೆ. ಎಣ್ಣೆಯ ಕೆಲಸ ಅದೇ. ಕುಗ್ಗಿದ ಸ್ಪ್ರಿಂಗು ಒಮ್ಮೆಲೇ ಚಿಮ್ಮದಂತೆ ಹಿಡಿದು ಬಿಡುತ್ತದೆ. ಸ್ಪ್ರಿಂಗು ಬಲವಾದಷ್ಟೂ ಚಿಮ್ಮುವ ಜೋರು ಹೆಚ್ಚು, ಎಣ್ಣೆಯ ಹಿಡಿತವೂ ಹೆಚ್ಚಬೇಕು. ಹಳೇ ಶಾಕಬ್ಸರಿಗೆ ಬರೀ ಗಟ್ಟಿ ಸ್ಪ್ರಿಂಗು ಹಾಕಿದರೆ ಸೋರೆಕಾಯಿಗೆ ಉಕ್ಕಿನ ತೊಟ್ಟು ಹಾಕಿದ ಹಾಗೆ. ಎಟಿವಿಯದನ್ನು ಬಿಚ್ಚಿ ಎಣ್ಣೆ ಬದಲಿಸಬಹುದು. ನಮ್ಮ ಸಾದಾ ಬೈಕುಗಳದ್ದು ಹೆಚ್ಚಿನವು ಬಿಚ್ಚಿ ರಿಪೇರಿ ಮಾಡುವಂಥವಲ್ಲ. ಆದ್ದರಿಂದ ಸ್ಪ್ರಿಂಗು, ಎಣ್ಣೆ ಎರಡೂ ಹೊಂದಿ ಬಂದ ಪೂರ್ತಿ ಜೋಡಿಯನ್ನೇ ಹಾಕುವುದು ವಾಸಿ. ಒಂದೇ ಕಡೆ ಹೊಸದು ಹಾಕಬಾರದು, ಸ್ವಿಂಗ್ ಆರ್ಮ್ ಓರೆಗೆ ತಿರುಚುತ್ತದೆ.

ಎಣ್ಣೆ ಸತ್ತಿದೆಯೋ ಇಲ್ಲವೋ ನೋಡೋದು ಸುಲಭ. ಸೀಟಿನ ಹಿಂದಿನ ತುದಿಯನ್ನು ಎರಡೂ ಕೈಯಲ್ಲಿ ಬಲವಾಗಿ ಅದುಮಿ ಬಿಡಿ. ಒಂದು ಸಲ ಮೇಲೆದ್ದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಅದರ ಕಾಲ ಮುಗಿದಿದೆ. ಹೊಳೆಯುವ ಸರಳಿನ ಮೇಲೆ ಧೂಳು ಅಂಟಿಕೊಂಡು ಜಿಡ್ಡಾಗಿದ್ದರೂ ಅಷ್ಟೆ, ಆಯಿಲ್ ಸೀಲ್ ಹೋಗಿದೆ ಅಂತ ಅರ್ಥ.

ನಮ್ಮ ಕಡೆ ಸ್ಪ್ರಿಂಗಿನ ಸುರುಳಿಗಳ ನಡುವೆ ಹಳೇ ಟೈರಿನ ತುಂಡು ತುರುಕುವ ಅಭ್ಯಾಸ ಇದೆ. ಖರ್ಚಿಲ್ಲ, ಗಟ್ಟಿಯೂ ಅನ್ನಿಸುತ್ತದೆ. ಆ ಸುರುಳಿ ಕೆಲಸ ನಿಲ್ಲಿಸಿದ್ದರಿಂದ ಉಳಿದ ಸುರುಳಿಗಳ ಮೇಲೆ ಪೂರ್ತಿ ಭಾರ ಬೀಳುತ್ತದೆ, ಒಂದು ದಿನ ಅಲ್ಲೇ ಮುರಿಯುತ್ತದೆ. ಕಳೆದ ಸುಗ್ಗಿಯಲ್ಲಿ ನಮ್ಮ ಪಕ್ಕದ ಊರಿನ ಹುಡುಗನೊಬ್ಬ ಶೇಂಗಾ ಮೂಟೆ, ಅದರ ಹಿಂದೆ ತಾಯಿಯನ್ನು ಕೂರಿಸಿಕೊಂಡು ಹಳ್ಳದ ಇಳಿಜಾರಿನಲ್ಲಿ ಬರುವಾಗ ಹೀಗೇ ಆಯಿತು. ಹುಡುಗನಿಗೆ ತರಚು ಗಾಯ. ತಾಯಿಯ ಮುಂಗೈ ಮೂಳೆ ಮುರಿದು ಆ ಹಂಗಾಮು ಪೂರ್ತಿ ಕಳೆ ಕೀಳಲಾಗಲಿಲ್ಲ, ಕೂಲಿ ಹೋಯಿತು. ಟೈರಿನ ತುಂಡಿನಿಂದ ಉಳಿಸಿದ ದುಡ್ಡೆಷ್ಟು ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಬೇರೆ ಬೈಕಿನ ಉದ್ದದ ಶಾಕಬ್ಸರ್ ಹಾಕುವವರೂ ಇದ್ದಾರೆ. ಹಿಂಭಾಗ ಎತ್ತರವಾದರೆ ಸ್ಟ್ಯಾಂಡ್ ನಿಲ್ಲುವುದಿಲ್ಲ, ಹ್ಯಾಂಡಲ್ ಅಲುಗುತ್ತದೆ, ಚೈನಿನ ಬಿಗಿ ಕೆಡುತ್ತದೆ. ಕಣ್ಣಿನಿಂದ ಕಣ್ಣಿಗೆ ಹಳೆಯದರಷ್ಟೇ ಉದ್ದ ಇರಬೇಕು, ಬುಷ್ಷಿನ ತೂತೂ ಅದೇ ಅಳತೆ ಇರಬೇಕು.

ದುಡ್ಡು ಬಿಚ್ಚುವ ಮೊದಲು ಬಿಟ್ಟಿ ಕೆಲಸ ಎರಡಿವೆ. ಒಂದು ಟೈರಿನ ಗಾಳಿ. ಒಬ್ಬರಿಗೆ ಎಷ್ಟು, ಹೇರಿದ್ದಾಗ ಎಷ್ಟು ಅಂತ ಬೈಕಿನ ಪುಸ್ತಕದಲ್ಲೇ ಬರೆದಿರುತ್ತದೆ. ಇನ್ನೊಂದು ಮೂಟೆಯ ಜಾಗ. 60 ಕೆ.ಜಿ. ಮೂಟೆ ಹಿಂದಿನ ಅಚ್ಚಿಗಿಂತ 20 ಸೆಂ.ಮೀ. ಹಿಂದಿದ್ದರೆ, ಎರಡು ಚಕ್ರದ ನಡುವಿನ ಅಂತರ 120 ಸೆಂ.ಮೀ. ಅಂತ ಹಿಡಿದರೆ, ಮುಂದಿನ ಚಕ್ರದಿಂದ 10 ಕೆ.ಜಿ. ಎತ್ತಿದ ಹಾಗೆ. ಹಿಂದಿನ ಚಕ್ರಕ್ಕೆ ಬೀಳುವುದು 70. ಹ್ಯಾಂಡಲ್ ಹಗುರಾಗುವುದು, ರಾತ್ರಿ ಲೈಟು ಮರದ ಕೊಂಬೆಗೆ ಹೊಡೆಯುವುದು ಇದರಿಂದಲೇ. ಯಾವ ಶಾಕಬ್ಸರೂ ಇದನ್ನು ಸರಿ ಮಾಡೋದಿಲ್ಲ. ಮೊಪೆಡ್ ಇದ್ದವರು ಪುಣ್ಯವಂತರು, ಕಾಲಿನ ಮುಂದಿನ ಜಾಗಕ್ಕೆ ಮೊದಲ ಮೂಟೆ ಹಾಕಬಹುದು.

ಹೊಸ ಜೋಡಿ ಹಾಕುವಾಗ ಒಂದು ಕಡೆಯದನ್ನು ಬಿಚ್ಚಿ ಹಾಕಿ ಮುಗಿಸಿದ ಮೇಲೇ ಇನ್ನೊಂದು ಕಡೆಗೆ ಕೈ ಹಾಕಿ. ಚಕ್ರ ಜೋತು ಬೀಳುವುದಿಲ್ಲ, ಒಬ್ಬರೇ ಮಾಡಬಹುದು. ಅದಕ್ಕೂ ಮೊದಲು ಚಕ್ರ ಹಿಡಿದು ಎಡಕ್ಕೆ ಬಲಕ್ಕೆ ಎಳೆದು ನೋಡಿ. ಲಟಲಟ ಅಂದರೆ ಸ್ವಿಂಗ್ ಆರ್ಮಿನ ಬುಷ್ ಸವೆದಿರಬಹುದು, ಅದನ್ನು ಮೊದಲು ಹಾಕಿಸಿ. ಜೋಡಿಸಿ ಮುಗಿದ ಮೇಲೆ ಹೇರು ಹಾಕಿ, ಒಬ್ಬರನ್ನು ಕೂರಿಸಿ ಚೈನಿನ ಸಡಿಲ ನೋಡಬೇಕು. ಸ್ವಿಂಗ್ ಆರ್ಮ್ ಮೇಲೆ ಕೆಳಗೆ ಆಡಿದ ಹಾಗೆ ಚೈನಿನ ಬಿಗಿ ಬದಲಾಗುತ್ತದೆ, ಸ್ಟ್ಯಾಂಡಿನ ಮೇಲೆ ಸರಿ ಕಂಡದ್ದು ಹೇರಿನಲ್ಲಿ ಬಿಗಿಯಾಗಬಹುದು. ನಾಲ್ಕು ದಿನ ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ.

ಮೂಟೆ ಕಟ್ಟುವ ಹಗ್ಗವನ್ನು ಶಾಕಬ್ಸರಿನ ಕೆಳಗಿನ ತುದಿಗೆ ಸುತ್ತಬೇಡಿ. ಗುಂಡಿಯಲ್ಲಿ ಸ್ಪ್ರಿಂಗು ಕುಗ್ಗಿದಾಗ ಹಗ್ಗ ಸಡಿಲವಾಗಿ ಚೈನಿಗೋ ಕಡ್ಡಿಗೋ ಸಿಕ್ಕುತ್ತದೆ. ಕ್ಯಾರಿಯರಿಗೇ ಕಟ್ಟಿ, ಉಳಿದ ತುದಿಯನ್ನು ಮೂಟೆಯ ಒಳಗೆ ಸಿಕ್ಕಿಸಿ.